ಅದರಲ್ಲಿ ಕನ್ನಡ ಉಂಟಾ?

ಕಳೆದ ವಾರ ಅಪ್ಪನ ಕಿವಿ ಕೆರೆಯುವ ಕಡ್ಡಿ ಕಾಣೆಯಾಗಿ ನಮ್ಮ ಮನೆಯಲ್ಲಿ ದೊಡ್ಡ ಹುಡುಕಾಟ ನಡೆಯಿತು. ಪೆನ್ಸಿಲಿಗಿಂತ ಸಪೂರದ, ಬೆರಳಿಗಿಂತ ತುಸು ಉದ್ದದ, ತುದಿ ನುಣ್ಣಗಿರುವ ಕಪ್ಪು ಕಡ್ಡಿ. ಬೆಂಕಿಕಡ್ಡಿ, ಕೋಳಿಪುಕ್ಕ, ಅಮ್ಮನ ಹೇರ್‌ಪಿನ್ನು ಎಲ್ಲವನ್ನೂ ಪ್ರಯೋಗಿಸಿ ನೋಡಿದ ಮೇಲೆ ಅಪ್ಪ ಈ ಕಡ್ಡಿಗೆ ಬಂದು ನೆಲೆನಿಂತವರು. ನಾವು ಹಾಸಿಗೆ ಕೊಡವಿದೆವು, ಕಪಾಟು ಎಳೆದೆವು, ಅಕ್ಕಿಯ ಡಬ್ಬಕ್ಕೂ ಕೈಹಾಕಿದೆವು. ಕೊನೆಗೆ ಅದು ಸಿಕ್ಕಿದ್ದು ಅಪ್ಪನ ಕಿವಿಯ ಸಂದಿಯಲ್ಲಿ, ಬಡಗಿಗಳು ಪೆನ್ಸಿಲು ಸಿಕ್ಕಿಸಿಕೊಳ್ಳುವ ಜಾಗದಲ್ಲಿ.

ನನ್ನ ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನನ್ನು ಕೇಳಿದಳು.

"ಇದೆಂಥದು ಅಪ್ಪ?"

"ಫೋನಿನ ಕಡ್ಡಿ ಮಗಾ."

"ಫೋನಿಗೂ ಕಿವಿ ತುರಿಸ್ತದಾ?"

ಒಂದು ಕಾಲದಲ್ಲಿ ಫೋನಿನ ಗಾಜಿನ ಮೇಲೆ ಚುಚ್ಚಿ ಚುಚ್ಚಿ ಬರೆಯಲಿಕ್ಕೆ ಇಂಥ ಕಡ್ಡಿ ಇರುತ್ತಿತ್ತು, ಆ ಫೋನು ಮತ್ತೊಂದು ಫೋನಿನೊಂದಿಗೆ ವಾಮದಪದವಿನ ಪೇಟೆಯಲ್ಲಿ ಕೋಳಿ ಅಂಕ ಆಡಿತ್ತು, ಅದನ್ನು ಕಣಕ್ಕೆ ಬಿಟ್ಟ ಮಹಾನುಭಾವ ನಿನ್ನ ಅಪ್ಪನೇ ಎಂದು ಹೇಳಿದರೆ ಅವಳು ನಂಬುವವಳಲ್ಲ. ಅವಳಿಗೆ ಹೇಳದೆ ಬಿಟ್ಟದ್ದನ್ನು ನಿಮಗೆ ಹೇಳುತ್ತೇನೆ.

ಅದು ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ವಾಮದಪದವಿನಲ್ಲಿ ನನ್ನದೊಂದು ಗಣಕ ಕೇಂದ್ರವಿತ್ತು. ಹೆಸರು ದೊಡ್ಡದು, ಒಳಗೆ ಇದ್ದದ್ದು ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡಕ್ಕೂ ಸೇರಿ ಒಂದು ಫ್ಯಾನು. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಯುವಕ ಮಂಡಲದ ರಶೀದಿ, ಇಷ್ಟು ನನ್ನ ವ್ಯಾಪಾರ. ಆದರೆ ಗಾಜಿನ ಹಿಂದೆ ಬೆಳಕು ಬರುವ ಯಾವ ವಸ್ತು ಕೆಟ್ಟರೂ ಊರಿನವರು ನನ್ನ ಬಳಿಗೇ ತರುತ್ತಿದ್ದರು. ಟೀವಿಯ ರಿಮೋಟು ಬಂತು, ಮಾತಾಡುವ ಗಡಿಯಾರ ಬಂತು, ಒಮ್ಮೆ ಒಬ್ಬರು ಮಿಕ್ಸಿಯನ್ನೇ ಹೊತ್ತು ತಂದರು, ಅದರಲ್ಲಿ ಸಣ್ಣದೊಂದು ಕೆಂಪು ದೀಪ ಉಂಟಲ್ಲ ಎಂದು. ನನಗೆ ಏನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇಲ್ಲ.

ಪಕ್ಕದ ಅಂಗಡಿ ಉಸ್ಮಾನಾಕನದು. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಮೊದಲು ಕ್ಯಾಸೆಟ್ ಮಾರುತ್ತಿದ್ದರು, ಆಮೇಲೆ ಸೀಡಿ, ಆಮೇಲೆ ಮೊಬೈಲಿಗೆ ಕರೆನ್ಸಿ ಹಾಕುವುದು. ಅವರ ಕೈಯಲ್ಲಿ ಬೆಳ್ಳಿಬಣ್ಣದ ಒಂದು ಫೋನಿತ್ತು. ಹೊತ್ತಿಸಿದ ಕೂಡಲೇ ಎರಡು ಕೈಗಳು ಬಂದು ಒಂದನ್ನೊಂದು ಮುಟ್ಟುತ್ತಿದ್ದವು, ಟಿಣಿಟಿಣಿ ಎಂದು ಹಾಡುತ್ತಿತ್ತು. ಹಾಗಾಗಿ ಊರಿನಲ್ಲಿ ಅದಕ್ಕೆ ಕೈ ಫೋನು ಎಂದು ಹೆಸರು. ಒಳಗಿನ ಯಂತ್ರವಿದ್ಯೆಗೆ ಕಂಪೆನಿಯವರು ಇಟ್ಟ ಹೆಸರು ಬೇರೆ ಇತ್ತು, ಅದು ಯಾರ ಬಾಯಿಗೂ ಸಿಕ್ಕಲಿಲ್ಲ. ಕಿಟಿಕಿಯ ಗುರುತು ಇದ್ದದ್ದು ಕಿಟಿಕಿ ಫೋನು. ಜೋಳದ ಕಾಳಿನಷ್ಟೇ ಸಣ್ಣ ಗುಂಡಿಗಳಿದ್ದದ್ದು ಜೋಳದ ಫೋನು. ಬೆನ್ನ ಮೇಲೆ ಹಣ್ಣು ಇದ್ದದ್ದು ಹಣ್ಣಿನ ಫೋನು.

ಜಗತ್ತಿನಲ್ಲಿ ಆಗ ಈ ನಾಲ್ಕು ಪಕ್ಷಗಳ ನಡುವೆ ದೊಡ್ಡ ಕಾಳಗ ನಡೆಯುತ್ತಿತ್ತಂತೆ. ಯಾರಿಗೆ ಪೇಟೆಯ ಎಷ್ಟು ಪಾಲು ಎಂದು ಪತ್ರಿಕೆಯಲ್ಲಿ ದುಂಡಗಿನ ಚಿತ್ರ ಬರೆದು, ತುಂಡು ತುಂಡು ಮಾಡಿ, ಬಣ್ಣ ಹಚ್ಚಿ ಹಾಕುತ್ತಿದ್ದರು. ಅದನ್ನು ಉಸ್ಮಾನಾಕ ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸಿದ್ದರು. ನೋಡಿದವರೆಲ್ಲ ಬಚ್ಚಂಗಾಯಿಯ, ಅಂದರೆ ಕಲ್ಲಂಗಡಿಯ ಚಿತ್ರ ಎಂದುಕೊಂಡರು.

ನಮ್ಮ ಪೇಟೆಯ ಪಾಲನ್ನು ಲೆಕ್ಕ ಹಾಕುವುದು ಅಷ್ಟು ಕಷ್ಟವಿರಲಿಲ್ಲ. ಲೆಕ್ಕಕ್ಕೆ ಬರುವಂಥ ದೊಡ್ಡ ಫೋನು ಇದ್ದದ್ದೇ ಮೂರು: ಉಸ್ಮಾನಾಕನದೊಂದು ಕೈ, ಹಾಲಿನ ಸೊಸೈಟಿಯ ಕಾರ್ಯದರ್ಶಿಯದೊಂದು ಕೈ, ರಬ್ಬರ್ ಸಾಹುಕಾರರ ಅಳಿಯನದೊಂದು ಜೋಳ. ಬೆಳ್ತಂಗಡಿಯ ಡಾಕ್ಟರೊಬ್ಬರು ಹಣ್ಣಿನ ಫೋನು ಇಟ್ಟುಕೊಂಡು ವಾರಕ್ಕೊಮ್ಮೆ ಈ ದಾರಿಯಾಗಿ ಹೋಗುವಾಗ ಪೈಗಳ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದರು. ಅವರು ಚಾ ಕುಡಿದು ಮುಗಿಸುವವರೆಗೆ ವಾಮದಪದವಿನಲ್ಲಿ ಹಣ್ಣಿನ ಪಾಲು ಏರುತ್ತಿತ್ತು. ಒಮ್ಮೆ ಕಾರ್ಯದರ್ಶಿಯ ಫೋನು ಹಾಲಿನ ಕ್ಯಾನಿಗೆ ಬಿದ್ದು ಕೈ ಪಕ್ಷದ ಬಲ ಒಂದೇ ದಿನದಲ್ಲಿ ಅರ್ಧವಾಯಿತು. ಉಸ್ಮಾನಾಕ ಅಂದು ಮಧ್ಯಾಹ್ನ ಊಟಕ್ಕೂ ಹೋಗಲಿಲ್ಲ.

ನಗಬೇಡಿ. ಪಕ್ಷ ಕಟ್ಟಿಕೊಳ್ಳುವುದು ನಮ್ಮ ಕಡೆಯವರ ರಕ್ತದಲ್ಲೇ ಇದೆ. ತೊಂಬತ್ತರ ದಶಕದಲ್ಲಿ ನಾನು ಮೂಡುಬಿದಿರೆಗೆ ಹೈಸ್ಕೂಲಿಗೆ ಹೋಗುತ್ತಿದ್ದಾಗ ಆ ದಾರಿಯಲ್ಲಿ ಎರಡು ಬಸ್ಸುಗಳಿದ್ದವು, ಒಂದು ಹಸಿರು, ಒಂದು ಕೆಂಪು. ಎರಡರ ನಡುವೆ ಎರಡೇ ನಿಮಿಷದ ಅಂತರ. ನಾನು ಹಸಿರು ಪಕ್ಷ. ಹಸಿರು ಬಸ್ಸು ಕೆಟ್ಟು ನಿಂತ ದಿನ ಕೆಂಪು ಬಸ್ಸು ಹತ್ತಬಾರದೆಂದು ನಾವು ಏಳು ಮಂದಿ ಹುಡುಗರು ನಡೆದೇ ಶಾಲೆಗೆ ಹೋಗಿ, ಮಧ್ಯಾಹ್ನದ ಬೆಲ್ಲಿಗೆ ತಲುಪಿ, ಅಂಗೈ ಚಾಚಿ ಪೆಟ್ಟು ತಿಂದಿದ್ದೇವೆ. ಹಸಿರು ಬಸ್ಸಿನ ಡ್ರೈವರಿಗೆ ನನ್ನ ಹೆಸರೂ ಗೊತ್ತಿರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ತಿಳಿಯಿತು, ಎರಡು ಬಸ್ಸೂ ಒಬ್ಬರೇ ಧಣಿಗಳದಂತೆ. ಆ ಪೆಟ್ಟು ಈಗಲೂ ಅಂಗೈಯಲ್ಲಿ ಚುರುಗುಟ್ಟುತ್ತದೆ.

ಇರಲಿ, ಕಡ್ಡಿಯ ಕಥೆಗೆ ಬರುತ್ತೇನೆ. ನನ್ನ ಅಕ್ಕನನ್ನು ಶಿರ್ತಾಡಿಗೆ ಕೊಟ್ಟಿತ್ತು. ಭಾವ ಗಲ್ಫಿನಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ಬರುವುದು, ಒಂದೂವರೆ ತಿಂಗಳು ಇರುವುದು. ಒಳ್ಳೆಯ ಮನುಷ್ಯ, ಆದರೆ ಮಾತಿಗೂ ತೆರಿಗೆ ಉಂಟು ಎಂದು ಯಾರೋ ಹೆದರಿಸಿಬಿಟ್ಟವರ ಹಾಗೆ ಇರುತ್ತಿದ್ದರು. ಅಕ್ಕ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರೆ ಭಾವನ ಪಾಲಿಗೆ ಬರುತ್ತಿದ್ದದ್ದು ಮೂರು ಹೂಂ, ಒಂದು ಸರಿ. ಆದರೆ ಬರೆಯುವುದರಲ್ಲಿ ಅವರು ಸ್ವಲ್ಪ ಧಾರಾಳಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಸಂದೇಶ ಕಳಿಸುತ್ತಿದ್ದರು. ಅಲ್ಲೇ ಆದದ್ದು ಎಡವಟ್ಟು.

ಒಮ್ಮೆ ಅವರು ಬರೆದದ್ದು, ನಿನಗೆ ಬಳೆ ತೆಗೆದಿದ್ದೇನೆ ಎಂದು. ಇಂಗ್ಲಿಷಿನಲ್ಲಿ ಳಕಾರ ಎಲ್ಲಿಂದ ಬರಬೇಕು? ಅಕ್ಕ ಓದಿದ್ದು, ನಿನಗೆ ಬಲೆ ತೆಗೆದಿದ್ದೇನೆ ಎಂದು. ಅವಳು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದಳು. ಅವಳ ಮಾವನಿಗೆ ಹೊಳೆಮೀನು ಎಂದರೆ ಪ್ರಾಣ. ಮಗ ವಿದೇಶದಿಂದ ನೈಲಾನ್ ಬಲೆ ತರುತ್ತಾನೆಂದು ಅವರು ಹಳೆಯ ಬಲೆಯನ್ನು ನೆರೆಯವರಿಗೆ ಕೊಟ್ಟೇಬಿಟ್ಟರು. ಭಾವ ಬಂದು ಪೆಟ್ಟಿಗೆ ಬಿಚ್ಚಿದಾಗ ನಾಲ್ಕು ಚಿನ್ನದ ಬಳೆಗಳನ್ನು ಕಂಡು ಆ ಮನೆಯಲ್ಲಿ ಒಬ್ಬರ ಮುಖ ಬಾಡಿತು.

ಅಂದಿನಿಂದ ಅಕ್ಕನದು ಒಂದೇ ಹಟ: ಬರೆದರೆ ಕನ್ನಡದಲ್ಲೇ ಬರೆಯಬೇಕು, ನಾನು ಕನ್ನಡದಲ್ಲೇ ಓದಬೇಕು. ಭಾವನ ಹೊಸ ಕಿಟಿಕಿ ಫೋನಿನಲ್ಲಿ ಕನ್ನಡ ಬಂದರೆ ಅಕ್ಷರದ ಜಾಗದಲ್ಲಿ ಸಾಲಾಗಿ ಚೌಕದ ಡಬ್ಬಿಗಳು ಕಾಣಿಸುತ್ತಿದ್ದವು. ಅಕ್ಕ ಅತ್ತೆಮನೆಯ ಜಗಲಿಯಲ್ಲಿ ಎಲ್ಲರ ಎದುರು ಹೇಳಿದಳಂತೆ:

"ನನ್ನ ತಮ್ಮನಿಗೆ ಕೊಡುವ. ಅವನಿಗೆ ಎಲ್ಲ ಗೊತ್ತುಂಟು."

ಭಾವ ಶಿರ್ತಾಡಿಯಿಂದ ಬಸ್ಸಿನಲ್ಲಿ ಬಂದು ಫೋನು ಕೊಟ್ಟು ಹೇಳಿದ್ದು ಇಷ್ಟೇ: "ಕನ್ನಡ ಹಾಕು. ಆದಿತ್ಯವಾರ ಬರ್ತೇನೆ." ಅದರ ಮರುದಿನ, ಸೋಮವಾರ, ಅವರ ವಿಮಾನ.

ನನ್ನ ಬಳಿ ಎಂಟು ದಿನವಿತ್ತು. ಮದುವೆ ಕಾಗದಕ್ಕೆ ಬಳಸುವ ಅಕ್ಷರಗಳನ್ನೆಲ್ಲ ಆ ಫೋನಿಗೆ ತುಂಬಿಸಿ ನೋಡಿದೆ. ಡಬ್ಬಿಗಳು ಹೋಗಿ ಪ್ರಶ್ನೆಚಿಹ್ನೆಗಳು ಬಂದವು. ನನಗೆ ಸಂತೋಷವೇ ಆಯಿತು, ಏನೋ ಒಂದು ಚಲಿಸಿತಲ್ಲ. ಐದನೆಯ ದಿನ ಪ್ರಶ್ನೆಚಿಹ್ನೆಗಳು ಹೋಗಿ ಪುನಃ ಡಬ್ಬಿಗಳು ಬಂದವು, ಮೊದಲಿಗಿಂತ ಸ್ವಲ್ಪ ದೊಡ್ಡವು. ಏಳನೆಯ ದಿನ ಫೋನು ಹೊತ್ತಿಕೊಳ್ಳಲಿಕ್ಕೇ ಕಾಲು ಗಂಟೆ ತೆಗೆದುಕೊಳ್ಳತೊಡಗಿತು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಆಯ್ತಾ ತಮ್ಮ?"

"ಆಗ್ತಾ ಉಂಟು ಅಕ್ಕ."

"ನನಗೆ ಗೊತ್ತಿತ್ತು, ನಿನ್ನಿಂದ ಆಗ್ತದೆ ಅಂತ. ಇಲ್ಲಿ ಅತ್ತೆಗೂ ಹೇಳಿದೆ."

ಅವಳು ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಚಿಕ್ಕವನಿದ್ದಾಗ ನನ್ನ ಕಾಪಿಪುಸ್ತಕವನ್ನು ಅವಳೇ ಬರೆದುಕೊಟ್ಟು, ಮೇಷ್ಟರ ಎದುರು, ಇದು ತಮ್ಮನದೇ ಅಕ್ಷರ ಎಂದು ಸುಳ್ಳು ಹೇಳಿದವಳು. ಅವಳ ಮಾತನ್ನು ನಾನು ಅತ್ತೆಮನೆಯಲ್ಲಿ ಬೀಳಿಸುವುದು ಹೇಗೆ?

ಆ ಆದಿತ್ಯವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಪೈಗಳ ಹೋಟೆಲಿನ ಬೆಂಚಿನ ಮೇಲೆ ಫೋನಿಟ್ಟುಕೊಂಡು ಗೋಳಿಬಜೆಯನ್ನು ಮುಟ್ಟದೆ ಕುಳಿತಿದ್ದೆ. ಎದುರಿಗೆ ಉಸ್ಮಾನಾಕ ಬಂದು ಕುಳಿತರು.

"ಎಂಥ ದಿನೇಶ, ಕಿಟಿಕಿ ತೆರೆಯುದಿಲ್ವಾ?"

"ತೆರೀತದೆ. ನಿಮ್ಮದರ ಹಾಗೆ ಬರೀ ಕೈ ಕುಲುಕಿಸುವ ಫೋನಲ್ಲ ಇದು. ಇದರಲ್ಲಿ ಬರೆಯುವ ಕಡ್ಡಿ ಉಂಟು."

"ನನ್ನದರಲ್ಲಿ ರೇಡಿಯೋ ಉಂಟು."

"ಇದರಲ್ಲಿ ಲೆಕ್ಕದ ಪಟ್ಟಿ ಮಾಡ್ಲಿಕ್ಕೆ ಉಂಟು."

"ನನ್ನದರಲ್ಲಿ ನಮಾಜಿಗೆ ಕಿಬ್ಲಾ ತೋರಿಸುವ ದಿಕ್ಸೂಚಿ ಉಂಟು. ಹಾವು ಓಡಿಸುವ ಆಟ ಉಂಟು."

"ಇದರಲ್ಲಿ ಇಡೀ ಪ್ರಪಂಚದ ಗಂಟೆ ಉಂಟು."

ನಮ್ಮ ಕಡೆ ಏನನ್ನು ಕೊಳ್ಳುವುದಿದ್ದರೂ ಹೀಗೆಯೇ. ಒಳ್ಳೆಯದಾ ಎಂದು ಯಾರೂ ಕೇಳುವುದಿಲ್ಲ, ಅದು ಉಂಟಾ, ಇದು ಉಂಟಾ ಎಂದು ಕೇಳುತ್ತಾರೆ. ಹೆಣ್ಣು ನೋಡಲು ಹೋದಾಗಲೂ, ಜಾಗ ನೋಡಲು ಹೋದಾಗಲೂ ಅದೇ. ಉಸ್ಮಾನಾಕ ಚಾ ಗುಟುಕರಿಸಿ, ಮೆಲ್ಲಗೆ ಕೇಳಿದರು:

"ಅದರಲ್ಲಿ ಕನ್ನಡ ಉಂಟಾ?"

ನಾನು ಗೋಳಿಬಜೆ ನೋಡಿದೆ.

"ನನ್ನದರಲ್ಲಿ ಉಂಟು," ಎಂದು ಅವರು ಗುಂಡಿ ಒತ್ತಿ ತೋರಿಸಿದರು. ಸಂದೇಶಗಳು ಎಂದು ದುಂಡು ದುಂಡಗೆ ಬರೆದಿತ್ತು. ಎಷ್ಟು ಚಂದದ ಳಕಾರ! ಬಳೆ ಎಂದು ಬರೆದರೆ ಬಳೆಯೇ ಆಗಿ ಬರುವ ಫೋನು.

ಅದನ್ನು ಕೊಂಡುಕೊಳ್ಳುವ ಯೋಗ್ಯತೆ ನನ್ನ ಗಣಕ ಕೇಂದ್ರಕ್ಕಿರಲಿಲ್ಲ. ಕೇಳಿ ಪಡೆಯಲು ನಾನು ಹಸಿರು ಪಕ್ಷದ ಮನುಷ್ಯ, ಬಾಯಿ ಬರಲಿಲ್ಲ. ಆಗ ಮೂಲೆಯಿಂದ ಮೋನಪ್ಪಣ್ಣ ಮಾತಾಡಿದರು.

ಮೋನಪ್ಪಣ್ಣ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದವರು. ಅದಕ್ಕಿಂತ ದೊಡ್ಡ ವಿಷಯವೆಂದರೆ, ಕೋಳಿ ಅಂಕದ ವಿದ್ಯೆಯಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಯಾವ ಬಣ್ಣದ ಕೋಳಿ ಯಾವ ವಾರ ಯಾವ ಹೊತ್ತಿಗೆ ಯಾವ ಬಣ್ಣದ ಕೋಳಿಯನ್ನು ಗೆಲ್ಲುತ್ತದೆ ಎಂದು ತಿಳಿಸುವ ಕೋಳಿ ಪಂಚಾಂಗ ಅವರ ಅಂಗಿಯ ಕಿಸೆಯಲ್ಲಿ ಯಾವಾಗಲೂ ಇರುತ್ತಿತ್ತು. ಅಂಕಕ್ಕೆ ಹೋಗುವುದನ್ನು ಮನೆಯವರು ಬಿಡಿಸಿದ್ದರು. ಆದರೆ ಪಂಚಾಂಗವನ್ನು ಬಿಡಿಸಲು ಅವರಿಂದಲೂ ಆಗಿರಲಿಲ್ಲ.

"ಬಾಯಲ್ಲಿ ಉಂಟು ಉಂಟು ಅಂತ ಹೇಳಿದ್ರೆ ಆಗ್ತದಾ ಮಾರಾಯ್ರೆ?" ಎಂದರು ಮೋನಪ್ಪಣ್ಣ. "ಯಾವುದು ದೊಡ್ಡದು ಅಂತ ಗೊತ್ತಾಗ್ಬೇಕಾದ್ರೆ ಕಣಕ್ಕೆ ಬಿಡ್ಬೇಕು."

"ಫೋನಿನ ಅಂಕವಾ?" ಎಂದು ಪೈಗಳು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದೇ ನಿಂತರು.

"ಎಂಥ ತೊಂದರೆ? ಇದೂ ಕೂಗ್ತದೆ, ಅದೂ ಕೂಗ್ತದೆ. ಕಾಲಿಗೆ ಬಾಳುಕತ್ತಿ ಕಟ್ಲಿಕ್ಕಿಲ್ಲ, ರಕ್ತ ಇಲ್ಲ, ಪೊಲೀಸರು ಬಂದ್ರೂ ಹೇಳಲಿಕ್ಕೆ ಏನೂ ಇಲ್ಲ. ಕ್ರಮ ಮಾತ್ರ ಅಂಕದ್ದೇ. ಸೋತ ಕೋಳಿ ಗೆದ್ದವನ ಮನೆಗೆ."

ಆ ಕೊನೆಯ ಮಾತು ನನ್ನ ತಲೆಯಲ್ಲಿ ಗಂಟೆ ಬಾರಿಸಿತು. ಗೆದ್ದರೆ ಕನ್ನಡದ ಫೋನು ನನ್ನದು, ಭಾವ ಬರುವಷ್ಟರಲ್ಲಿ ಅಕ್ಕನ ಮಾತು ಉಳಿಯುತ್ತದೆ. ಸೋತರೆ ಭಾವನ ಫೋನೂ ಹೋಯಿತು, ಅಕ್ಕನ ಮರ್ಯಾದೆಯೂ ಹೋಯಿತು. ಸೋಲುವುದರ ಬಗ್ಗೆ ಸ್ವಲ್ಪ ಹೆಚ್ಚು ಯೋಚಿಸಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ನಾನು ಹೂಂ ಅಂದುಬಿಟ್ಟೆ. ಉಸ್ಮಾನಾಕ, "ಜೂಜು ನಮಗೆ ಆಗುದಿಲ್ಲ," ಎಂದು ಮೊದಲು ಕೊಸರಾಡಿದರು. ಮೋನಪ್ಪಣ್ಣ, "ಇದು ಜೂಜಲ್ಲ, ಪರೀಕ್ಷೆ," ಎಂದು ತೀರ್ಪು ಕೊಟ್ಟ ಮೇಲೆ ಫೋನು ಬೆಂಚಿನ ಮೇಲಿಟ್ಟರು.

ಪಕ್ಕದಲ್ಲಿ ಚಾ ಕುಡಿಯುತ್ತಿದ್ದ ನಮ್ಮ ನೆರೆಮನೆಯವರೊಬ್ಬರು ಅರ್ಧ ಕೇಳಿಸಿಕೊಂಡು ಎದ್ದುಹೋಗಿದ್ದರು. ಅದರ ಫಲ ಆಮೇಲೆ ಹೇಳುತ್ತೇನೆ.

ಮೋನಪ್ಪಣ್ಣ ಸುಣ್ಣದಲ್ಲಿ ಬೆಂಚಿನ ನಡುವೆ ಒಂದು ಗೆರೆ ಎಳೆದರು. ಫೋನುಗಳನ್ನು ಕೈಯಲ್ಲಿ ಹಿಡಿದು ತೂಗಿದರು, ಹೊಟ್ಟೆ ಒತ್ತಿದರು, ಉಸ್ಮಾನಾಕನ ಫೋನಿನ ಬೆನ್ನಿಗೆ ಊದಿ ನೋಡಿದರು, ರೆಕ್ಕೆಯ ಕೆಳಗೆ ಹೇನು ಉಂಟಾ ಎಂದು ನೋಡುವ ಹಾಗೆ. ಬೆಳ್ಳಿಬಣ್ಣದ್ದನ್ನು ಬೊಳ್ಳೆ ಎಂದರು, ಅಂದರೆ ಬಿಳಿಕೋಳಿ. ನನ್ನದು ಕಪ್ಪು, ಅಂಚಿನಲ್ಲಿ ಕಂದು. ಅದನ್ನು ಕುಪ್ಪುಳೆ ಎಂದರು, ಅಂದರೆ ಕೆಂಬೂತದ ಬಣ್ಣದ ಕೋಳಿ. ಪಂಚಾಂಗ ತೆಗೆದು ಬೆರಳು ಒದ್ದೆ ಮಾಡಿ ಪುಟ ತಿರುಗಿಸಿದರು.

"ಆದಿತ್ಯವಾರ, ಹತ್ತೂವರೆ. ಕುಪ್ಪುಳೆಗೆ ಬಲ ಉಂಟು."

ಎರಡೂ ಫೋನುಗಳನ್ನು ಆರಿಸಿ, ಒಂದೇ ಹೊತ್ತಿಗೆ ಹೊತ್ತಿಸಿದೆವು. ಹೋಟೆಲಿನಲ್ಲಿ ಹದಿನೈದು ಇಪ್ಪತ್ತು ಜನ ಸೇರಿದ್ದರು. ನಾಲ್ಕು ಗುಟುಕು ಚಾ ಕುಡಿಯುವಷ್ಟರಲ್ಲಿ ಉಸ್ಮಾನಾಕನ ಫೋನಿನಲ್ಲಿ ಎರಡು ಕೈಗಳು ಬಂದು ಮುಟ್ಟಿದವು, ಟಿಣಿಟಿಣಿ ಕೂಗಿತು. ಜನ ಹೋ ಎಂದರು. ನನ್ನದರಲ್ಲಿ ಕಿಟಿಕಿಯ ಚಿತ್ರ ಬಂದು, ಒಂದು ಮರಳುಗಡಿಯಾರ ಬಂದು, ಒಮ್ಮೆ ತಿರುಗಿ, ಅಲ್ಲೇ ನಿಂತುಬಿಟ್ಟಿತು.

"ಹ್ಯಾಂಗ್ ಆಯ್ತು. ಸತ್ತಿತು," ಎಂದರು ಉಸ್ಮಾನಾಕ. ಅವರ ಕೈ ಆಗಲೇ ನನ್ನ ಫೋನಿನ ಕಡೆಗೆ ಬಂದಿತ್ತು. ನನಗೆ ಅಕ್ಕ ಜಗಲಿಯಲ್ಲಿ ನಿಂತಿರುವುದು, ಅತ್ತೆ ಅವಳನ್ನು ನೋಡುತ್ತಿರುವುದು ಎದುರಿಗೇ ಕಾಣಿಸಿತು.

"ಕೈ ತೆಗೀರಿ!" ಎಂದು ಮೋನಪ್ಪಣ್ಣ ಗುಡುಗಿದರು. "ಕೂಗಿದ್ದು ಗೆಲುವಲ್ಲ. ಮನೆಯಲ್ಲಿ ಎಲ್ಲ ಕೋಳಿಯೂ ಕೂಗ್ತದೆ. ಕಣದಲ್ಲಿ ನಿಲ್ಬೇಕು. ನಿಂತ ಕೋಳಿ ಸೋತದ್ದಲ್ಲ. ಓಡಿದ ಕೋಳಿ ಸೋತದ್ದು."

"ನಿಂತದ್ದಲ್ಲ ಮೋನಪ್ಪಣ್ಣ, ಅದು ಕೆಟ್ಟದ್ದು!"

"ನಾನು ನಲವತ್ತು ವರ್ಷ ಅಂಕ ನೋಡಿದ್ದೇನೆ. ನೋಡಿ ಅದರ ನೋಟ! ಕಣ್ಣು ಮುಚ್ಚುದಿಲ್ಲ, ಅಲುಗಾಡುದಿಲ್ಲ. ಇಂಥ ಕೋಳಿ ಸಾವಿರದಲ್ಲಿ ಒಂದು."

ಜನರೆಲ್ಲ ಬಗ್ಗಿ ನನ್ನ ಫೋನಿನ ನೋಟವನ್ನು ನೋಡಿದರು. ಮರಳುಗಡಿಯಾರ ಕದಲದೆ ಅವರನ್ನು ನೋಡಿತು. ಅಷ್ಟರಲ್ಲಿ ಉಸ್ಮಾನಾಕನ ಫೋನಿಗೆ ಒಂದು ಕರೆ ಬಂತು. ಶುಕ್ರವಾರ ಮಸೀದಿಗೆ ಹೋಗುವಾಗ ಅವರು ಕರೆಯ ಗಂಟೆಯನ್ನು ಮಾತ್ರ ನಿಲ್ಲಿಸಿ ಅದು ನಡುಗುವ ಹಾಗೆ ಇಟ್ಟು, ಸರಿಮಾಡಲು ಮರೆತಿದ್ದರು. ಅದು ಬೆಂಚಿನ ಮೇಲೆ ಗುರ್ ಗುರ್ ಎಂದು ನಡುಗಿತು. ನಡುಗುತ್ತ ನಡುಗುತ್ತ ಸುಣ್ಣದ ಗೆರೆಯಿಂದ ಹಿಂದೆ ಸರಿಯಿತು. ಉಸ್ಮಾನಾಕ ಹಿಡಿಯಲು ಹೋದರೆ ಮೋನಪ್ಪಣ್ಣ, "ಮುಟ್ಟಬಾರದು!" ಎಂದು ತಡೆದರು. ಅದು ಇನ್ನೂ ಒಂದು ಗೇಣು ಹಿಂದೆ ಹೋಯಿತು, ಬೆಂಚಿನ ಅಂಚಿಗೆ ತಲುಪಿತು, ಕೆಳಗೆ ಸ್ಟೂಲಿನ ಮೇಲಿದ್ದ ನನ್ನ ಗೋಳಿಬಜೆಯ ಚಟ್ನಿಗೆ ಬಿತ್ತು.

"ಓಡಿತು!" ಎಂದರು ಮೋನಪ್ಪಣ್ಣ. "ಕುಪ್ಪುಳೆ ನೋಡಿದ್ದಕ್ಕೇ ಹೆದರಿ ಕಣ ಬಿಟ್ಟು ಓಡಿತು!"

ಹೋಟೆಲು ಅದುರಿಹೋಯಿತು. ಪತ್ರಿಕೆಯವರ ಬಚ್ಚಂಗಾಯಿಯಲ್ಲಿ ಏನಿತ್ತೋ, ವಾಮದಪದವಿನಲ್ಲಿ ಆ ಕ್ಷಣಕ್ಕೆ ಕಿಟಿಕಿ ಪಕ್ಷ ಕೈ ಪಕ್ಷವನ್ನು ಸೋಲಿಸಿತ್ತು, ಏನೂ ಮಾಡದೆ.

ಉಸ್ಮಾನಾಕ ಚಟ್ನಿ ಒರೆಸಿ, ಇನ್ನೂ ನಡುಗುತ್ತಿದ್ದ ಫೋನನ್ನು ಕಿವಿಗಿಟ್ಟು, "ಹಾಂ, ತರ್ತೇನೆ, ಕೋಳಿಯೇ ತರ್ತೇನೆ," ಎಂದು ಹೆಂಡತಿಗೆ ಹೇಳಿ, ನನ್ನ ಕೈಗೆ ಕೊಟ್ಟು, ತಿರುಗಿ ನೋಡದೆ ಹೋದರು. ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ಅವರ ಬೆನ್ನು ನೋಡಿ ನನಗೆ ಗೆದ್ದ ಸಂತೋಷ ಅರ್ಧ ಇಳಿಯಿತು.

ಇನ್ನರ್ಧ ಮನೆಗೆ ಹೋದಾಗ ಇಳಿಯಿತು. ಅಂಗಳಕ್ಕೆ ಕಾಲಿಡುವಾಗಲೇ ಹುರಿದ ಕೊತ್ತಂಬರಿ, ಮೆಣಸಿನ ಪರಿಮಳ. ಅಮ್ಮ ಮಸಾಲೆ ಅರೆದಿಟ್ಟು, ರೊಟ್ಟಿಯ ಕಟ್ಟು ಬಿಚ್ಚಿಟ್ಟು, ದೊಡ್ಡ ಪಾತ್ರೆ ಒಲೆಯ ಮೇಲಿಟ್ಟು ಬಾಗಿಲಲ್ಲಿ ಕಾಯುತ್ತಿದ್ದರು. ಜಗಲಿಯಲ್ಲಿ ಅಕ್ಕ, ಭಾವ ಬಂದು ಕುಳಿತಿದ್ದರು.

"ಕೋಳಿ ಎಲ್ಲಿ?" ಎಂದರು ಅಮ್ಮ.

"ಯಾವ ಕೋಳಿ?"

"ಅಂಕದಲ್ಲಿ ಗೆದ್ದದ್ದು! ನೆರೆಮನೆಯವರು ಬಂದು ಹೇಳಿದ್ರಲ್ಲ, ನೀನು ಅಂಕಕ್ಕೆ ಇಳಿದಿದ್ದಿ, ಗೆದ್ರೆ ಕೋಳಿ ನಿನಗೇ ಅಂತ. ಬೈಯುವ ಅಂತ ಇದ್ದೆ. ಅಳಿಯಂದಿರು ನಾಳೆ ಹೊರಡುವವರು, ಒಳ್ಳೆ ಹೊತ್ತಿಗೆ ಬರ್ತದೆ ಅಂತ ಮಸಾಲೆ ಅರೆದೆ."

ನಾನು ಉಸ್ಮಾನಾಕನ ಫೋನು ತೆಗೆದು ತೋರಿಸಿದೆ. ಅಮ್ಮ ಅದನ್ನು ನೋಡಿದರು, ಒಲೆಯ ಮೇಲಿನ ಪಾತ್ರೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಭಾವ ಕೈ ಚಾಚಿದರು. ನಾನು ಅವರ ಫೋನನ್ನು ಅಂಗೈಯಲ್ಲಿಟ್ಟು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡೆ: ಕನ್ನಡ ಹಾಕಲು ನನ್ನಿಂದ ಆಗಲಿಲ್ಲ, ಕೇಳದೆ ಅಂಕಕ್ಕೆ ಇಟ್ಟೆ, ಗೆದ್ದಿತು, ಆದರೆ ಸತ್ತಿತು.

ಭಾವ ಫೋನಿನ ಬೆನ್ನಿನ ಮುಚ್ಚಳ ಜಾರಿಸಿ ತೆಗೆದರು, ಬ್ಯಾಟರಿ ಹೊರಗೆ ತೆಗೆದು ತೊಡೆಗೆ ಎರಡು ಸಲ ತಟ್ಟಿದರು, ಒಳಗೆ ಹಾಕಿ ಗುಂಡಿ ಒತ್ತಿದರು. ಸ್ವಲ್ಪ ಹೊತ್ತಿನಲ್ಲಿ ಕುಪ್ಪುಳೆ ಕೂಗಿತು. ಗಣಕ ಕೇಂದ್ರದ ಮಾಲೀಕನಾದ ನನಗೆ ಆ ಬೆನ್ನು ತೆರೆಯುತ್ತದೆ ಎಂಬುದೇ ಗೊತ್ತಿರಲಿಲ್ಲ.

"ದಿನಕ್ಕೆ ನಾಲ್ಕು ಸಲ ಹೀಗೆ," ಎಂದರು ಭಾವ.

ಅಕ್ಕ ಉಸ್ಮಾನಾಕನ ಫೋನು ಹಿಡಿದುಕೊಂಡು ಓದುತ್ತ ಕುಳಿತಿದ್ದಳು. ಸಂದೇಶಗಳು. ಕರೆಗಳು. ಗಡಿಯಾರ. ಒಂದು ಕಡೆ ಬಂದು ತಟ್ಟನೆ ನಿಂತಳು.

"ತಮ್ಮ, ಇದೆಂಥ ಕೇಳ್ತದೆ ನೋಡು. ಎಲ್ಲಾ ಅಳಿಸಬೇಕೇ ಅಂತೆ."

"ಯಾರನ್ನು ಅಳಿಸುದಂತೆ?" ಎಂದು ಅಮ್ಮ ಒಳಗಿನಿಂದ ಗಾಬರಿಯಲ್ಲಿ ಕೇಳಿದರು. "ಹಬ್ಬದ ಹಾಗೆ ಎಲ್ಲ ಸೇರಿದ ದಿನ ಅಂಥ ಮಾತು ಯಾಕೆ ಹೇಳ್ತದೆ ಅದು?"

ಅಷ್ಟರಲ್ಲಿ ಅಂಗಳದಲ್ಲಿ ಉಸ್ಮಾನಾಕ ಕಾಣಿಸಿಕೊಂಡರು. ಅವರ ಹಿಂದೆ ಮೋನಪ್ಪಣ್ಣ. ಉಸ್ಮಾನಾಕನ ಕೈಯಲ್ಲಿ ಕೊಯ್ದು, ಶುಚಿ ಮಾಡಿ, ತುಂಡು ಮಾಡಿಸಿದ ಕೋಳಿಯ ಚೀಲ.

"ನನ್ನ ನಂಬರುಗಳೆಲ್ಲ ಅದರಲ್ಲಿ ಉಂಟು ಮಾರಾಯ. ಮನೆಯವಳ ನಂಬರು ಕೂಡ ಬಾಯಿಗೆ ಬರುದಿಲ್ಲ ನನಗೆ. ಮೋನಪ್ಪಣ್ಣ ಹೇಳಿದ್ರು, ಸೋತ ಕೋಳಿಯ ಬದಲಿಗೆ ಬೇರೆ ಕೋಳಿ ಕೊಡ್ಲಿಕ್ಕಾಗ್ತದೆ ಅಂತ."

"ಕ್ರಮ ಉಂಟು," ಎಂದರು ಮೋನಪ್ಪಣ್ಣ ಗಂಭೀರವಾಗಿ, ಅಡುಗೆಮನೆಯ ಕಡೆಗೆ ಮೂಗು ಎತ್ತಿ.

ಅಂಥ ಕ್ರಮ ಪಂಚಾಂಗದಲ್ಲಿ ನಿಜವಾಗಿ ಇತ್ತೋ ಇಲ್ಲವೋ, ನಾನು ಇಂದಿಗೂ ಕೇಳಿಲ್ಲ. ಅಮ್ಮ ಚೀಲ ತೆಗೆದುಕೊಂಡರು. ಅಕ್ಕ ಫೋನು ಹಿಂದಕ್ಕೆ ಕೊಟ್ಟಳು. ಕೊಡುವಾಗ ಅದರ ಗಾಜನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಅದನ್ನು ನಾನು ನೋಡಿದೆ, ಭಾವನೂ ನೋಡಿದರು.

ಎಲ್ಲರೂ ಕೋರಿ ರೊಟ್ಟಿಗೆ ಕುಳಿತೆವು. ಉಸ್ಮಾನಾಕ ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ ಭಾವ ಕೇಳಿದರು, "ಇಂಥದ್ದು ಎರಡು ಸಿಕ್ತದಾ? ಇವತ್ತೇ."

"ಬಂಟ್ವಾಳದಲ್ಲಿ ನನ್ನ ಅಳಿಯನ ಅಂಗಡಿ ಉಂಟು. ಸಂಜೆಗೆ ತರಿಸ್ತೇನೆ. ಒಂದು ನಿಮಗೆ, ಒಂದು ಅಕ್ಕನಿಗೆ, ಅಲ್ವಾ?"

ಹೀಗೆ ಅಂಕದಲ್ಲಿ ಸೋತ ಕೈ ಪಕ್ಷ ಅದೇ ದಿನ ಎರಡು ಫೋನು ಮಾರಿತು. ಗೆದ್ದ ಕಿಟಿಕಿ ಫೋನನ್ನು ಭಾವ ನನಗೇ ಬಿಟ್ಟು ಹೋದರು. ಅದು ನಾಲ್ಕು ತಿಂಗಳು ಬದುಕಿತು. ಕಡ್ಡಿ ಅಪ್ಪನಿಗೆ ಹೋಯಿತು. ಬಸ್ಸು ಹತ್ತುವ ಮೊದಲು ಅಕ್ಕ ನನ್ನ ಬಳಿ ಬಂದು, "ಅತ್ತೆ ಕೇಳಿದ್ರೆ ಕನ್ನಡ ಹಾಕಿದ್ದು ನೀನೇ ಅಂತ ಹೇಳ್ತೇನೆ," ಎಂದಳು, ಕಾಪಿಪುಸ್ತಕದ ಕಾಲದ ಅದೇ ಮುಖ ಮಾಡಿ.

ಆಮೇಲೆ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಎಲ್ಲಿಂದಲೋ ಒಂದು ಹಸಿರು ಬೊಂಬೆಯ ಫೋನು ಬಂತು. ಕೈ, ಕಿಟಿಕಿ, ಜೋಳ ಎಲ್ಲವನ್ನೂ ಗುಡಿಸಿಹಾಕಿತು. ಉಸ್ಮಾನಾಕ ಗೋಡೆಯ ಬಚ್ಚಂಗಾಯಿಯನ್ನು ಹರಿದು ಬಿಸಾಡಿ, ಹಸಿರು ಬೊಂಬೆಯ ಫಲಕ ತೂಗುಹಾಕಿದರು. ಭಾವ ಗಲ್ಫ್ ಬಿಟ್ಟು ಬಂದು ಶಿರ್ತಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟರು. ಅಲ್ಲಿಯೂ ಅವರು ಮಾತಾಡುವುದು ಮೊಳೆಯ ಅಳತೆ ಹೇಳಲಿಕ್ಕೆ ಮಾತ್ರ.

ಒಂದು ದಿನ ನಾನು ಅಕ್ಕನಿಗೆಂದು ಬೊಂಬೆ ಫೋನು ತೆಗೆದುಕೊಂಡು ಶಿರ್ತಾಡಿಗೆ ಹೋದೆ. ಅವಳ ಕೈ ಫೋನಿನ ಗುಂಡಿಗಳ ಮೇಲಿನ ಅಕ್ಷರಗಳೆಲ್ಲ ಅಳಿಸಿಹೋಗಿದ್ದವು. ಜಾಗ ತುಂಬಿ ಹೊಸ ಸಂದೇಶ ಒಂದೂ ಬರುತ್ತಿರಲಿಲ್ಲ.

"ಇದರಲ್ಲಿ ಎಲ್ಲ ಉಂಟು ಅಕ್ಕ," ಎಂದು ಹೊಸದನ್ನು ತೋರಿಸಿದೆ. "ಕನ್ನಡ ಉಂಟು, ಫೋಟೋ ಉಂಟು, ಮುಖ ನೋಡಿ ಮಾತಾಡ್ಲಿಕ್ಕೆ ಉಂಟು."

"ನನ್ನದರಲ್ಲಿ ಇದ್ದದ್ದು ಇದರಲ್ಲಿ ಉಂಟಾ?"

"ಹಳೇ ಮೆಸೇಜಾ? ಅದೆಲ್ಲ ಬರುದಿಲ್ಲ. ಅದು ಬೇರೆ ಜಾತಿ, ಇದು ಬೇರೆ ಜಾತಿ."

"ಹಾಗಾದ್ರೆ ಬೇಡ. ಅದರಲ್ಲೇ ಸ್ವಲ್ಪ ಜಾಗ ಮಾಡಿಕೊಡು."

ನಾನು ಅವಳ ಫೋನು ತೆಗೆದುಕೊಂಡು ಗುಂಡಿ ಒತ್ತಿದೆ. ಎಲ್ಲಾ ಅಳಿಸಬೇಕೇ ಎಂದು ಅದು ಕೇಳಿತು.

"ಒಂದು ಬಿಟ್ಟು," ಎಂದು ಅಕ್ಕ ಸರಕ್ಕನೆ ನನ್ನ ಕೈ ಹಿಡಿದಳು. ಭಾವ ಅಲ್ಲೇ ಜಗಲಿಯ ತುದಿಯಲ್ಲಿ ಕುಳಿತು, ನಮಗೂ ಅವರಿಗೂ ಸಂಬಂಧವೇ ಇಲ್ಲದಂತೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಯಾವ ಒಂದು ಎಂದು ಹುಡುಕಬೇಕಾದರೆ ಓದಲೇಬೇಕಿತ್ತು. ಭಾವ ಕೋರಿ ರೊಟ್ಟಿ ಉಂಡು ವಿಮಾನ ಹತ್ತಿದ ಮರುವಾರದ್ದು ಅದು. ಅಕ್ಕ ಕಳಿಸಿದ್ದು ಉದ್ದ ಇತ್ತು. ಅತ್ತೆಯ ಕಾಲುನೋವು, ದನ ಕರು ಹಾಕಿದ್ದು, ಮಾವ ಹೊಸ ಬಲೆ ಕೊಂಡದ್ದು, ಎಲ್ಲ ಬರೆದು, ಕೊನೆಯಲ್ಲಿ ನನ್ನ ನೆನಪು ಉಂಟಾ ಎಂದು ಕೇಳಿದ್ದಳು. ಕೆಳಗೆ ಭಾವನ ಉತ್ತರವಿತ್ತು. ಗಲ್ಫಿನಿಂದ, ಕನ್ನಡದಲ್ಲಿ, ದುಂಡು ದುಂಡಗೆ, ಒಂದೇ ಪದ.

ಉಂಟು.